ಹೊಸ ಪ್ಯಾಡಿನ ಹಸಿವು

ನಮ್ಮೂರಲ್ಲಿ ಗಡಿಯಾರ ನಿಂತರೆ ಯಾರೂ ಗಡಿಯಾರವನ್ನು ನೋಡುವುದಿಲ್ಲ, ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ಅಡುಗೆಮನೆಯಲ್ಲಿದ್ದವಳು ಸೌಟು ಹಿಡಿದೇ ಹೊರಗೆ ಓಡಿಬರುತ್ತಾಳೆ, ಸ್ನಾನಕ್ಕಿಳಿದವನು ಟವಲು ಸುತ್ತಿಕೊಂಡೇ ಬರುತ್ತಾನೆ. ಬೀದಿಯ ನಡುವೆ ನಿಂತು ಎಲ್ಲರೂ ತಮ್ಮ ತಮ್ಮ ಮನೆಯವರ ಹೆಸರು ಕೂಗುತ್ತಾರೆ. ಯಾರ ಹೆಸರಿಗೆ ಓಗೊಡುವ ದನಿ ಬರಲಿಲ್ಲವೋ ಅವರ ಎದೆ ನಿಂತಿದೆ ಎಂದು ಲೆಕ್ಕ. ಆ ಎದೆ ಮತ್ತೆ ಹೊಡೆದುಕೊಳ್ಳುವ ತನಕ ಆ ಬೀದಿಯ ಗೋಡೆ ಗಡಿಯಾರವಾಗಲಿ ಕೈಗಡಿಯಾರವಾಗಲಿ ಒಂದು ಮುಳ್ಳನ್ನೂ ಅಲ್ಲಾಡಿಸುವುದಿಲ್ಲ. ಎದೆ ಎದ್ದರೆ ಅವೂ ಏಳುತ್ತವೆ. ಏಳದೇ ಹೋದರೆ, ಮಣ್ಣು ಮಾಡಿ ಬಂದ ಮೇಲೆ ಮನೆಯ ಹಿರಿಯರು ಕೈಯಿಂದಲೇ ಮುಳ್ಳು ತಿರುಗಿಸಿ ಅದನ್ನು ನಡೆಸಬೇಕು.

ಹನ್ನೆರಡು ತುಂಬಿದ ಮೇಲೆ, ಅರವತ್ತರೊಳಗೆ, ಪ್ರತಿಯೊಬ್ಬರಿಗೂ ಒಂದು ಸಲ. ಎಂದು, ಎಲ್ಲಿ ಎಂದು ಹೇಳಬಲ್ಲವರಿಲ್ಲ. ಒಮ್ಮೆ ನಿಂತು ಎದ್ದವರಿಗೆ ಮತ್ತೆ ಆ ಭಯವಿಲ್ಲ. ಆಮೇಲೆ ಜ್ವರವೋ ಮುಪ್ಪೋ ಬಂದು ಹೋದರೆ ಗಡಿಯಾರಗಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಜಾತಕಕ್ಕಿಂತ ಮೊದಲು ‘ನಿಂತೆದ್ದಿದಾಳಾ?’ ಎಂದು ಕೇಳುತ್ತಾರೆ. ಅದಕ್ಕೇ ಸೆಲ್ ಮುಗಿಯುತ್ತಾ ಬಂದ ಗಡಿಯಾರಕ್ಕೆ ಕೆಂಪು ಬಟ್ಟೆ ಕಟ್ಟದೆ ಬಿಟ್ಟವರನ್ನು ಇಡೀ ಬೀದಿ ಸೇರಿ ಬೈಯುತ್ತದೆ. ಹೊರಗಿನ ಬಸ್ಸಿನ ಕಂಡಕ್ಟರು ಲೋಕಪ್ಪ ಮಾತ್ರ ಇದನ್ನೆಲ್ಲ ಕಂಡು ನಗುತ್ತಿದ್ದ. “ನಿಮ್ಮೂರಿಗೆ ಬಂದುಹೋದ್ರೆ ನನ್ನ ವಾಚು ಹಿಂದೆ ಬೀಳ್ತದೆ ಕಣಕ್ಕ, ಹಿಂಗೇ ಬತ್ತಾ ಇದ್ರೆ ಹುಡುಗ ಆಗ್ಬುಡ್ತೀನಿ,” ಎನ್ನುತ್ತಿದ್ದ.

ನಾನು ನಿಂತದ್ದು ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ, ಧಾರೆಯ ಹಸೆಯ ಮೇಲೆ. ನಮ್ಮಪ್ಪ ವಾಲಗದವರು. ಅಕ್ಷರ ಬಾರದು, ಆದರೆ ಹಾಡುವ ಪದ್ಯವೆಲ್ಲ ಬಾಯಲ್ಲೇ ಇತ್ತು. ಸಂಜೆ ಗುಡಿಯ ಪಡಸಾಲೆಯಲ್ಲಿ ಅವರು ಪದ್ಯ ಹೇಳುವಾಗ ಕಂಬಕ್ಕೊರಗಿ ಕೇಳುತ್ತಾ ಬೆಳೆದವಳು ನಾನು. ಮಾತು ಕಡಿಮೆ, ಕೇಳುವುದು ಹೆಚ್ಚು. ಅಂದು ಹಸೆಮಣೆಯಿಂದ ಒರಗಿದವಳಿಗೆ ಬೆಳಕು ಕಾಣಲಿಲ್ಲ, ದೇವರು ಕಾಣಲಿಲ್ಲ. ಕಾಡಿನ ಆಚೆ ಯಾರೋ ಭತ್ತ ಕುಟ್ಟಿದಂತೆ ಅಪ್ಪನ ಪದ್ಯ ಒಂದೇ ಕೇಳಿಸುತ್ತಿತ್ತು. ‘ನಡೆಯೆಲೆ ಎದೆಯೇ ನಡೆಯೆಲೆ ಎದೆಯೇ, ಒಡೆಯನ ಮನೆಯಿನ್ನೂ ದೂರ, ಇಡು ಇಡು ಹೆಜ್ಜೆಯ ಇಡು ಇಡು ಹೆಜ್ಜೆಯ, ಮಡದಿಯು ಕಾದಿಹಳೀ ತೀರ.’ ಅದರ ತಾಳಕ್ಕೆ ಸರಿಯಾಗಿ ಯಾರೋ ನನ್ನ ಎದೆ ಒತ್ತುತ್ತಿದ್ದರು. ಆ ದಾರಿ ಹಿಡಿದು ನಾನು ವಾಪಸು ಬಂದೆ. ಕಣ್ಣು ಬಿಟ್ಟಾಗ ತಲೆಯ ಬಳಿ ಕ್ಷೌರದ ಕತ್ತಿಯ ಪೆಟ್ಟಿಗೆ ಹಿಡಿದು ನಿಂತಿದ್ದ ಮದುಮಗನೇ ನಮ್ಮನೆಯವರು, ಮುದ್ದಯ್ಯ.

ನಮ್ಮನೆಯವರದು ಬೀದಿಯ ಕೊನೆಯಲ್ಲಿ ಕ್ಷೌರದಂಗಡಿ. ಎದೆಯ ಮೇಲೆ ಕೂದಲಿದ್ದರೆ ಶಾಕ್ ಕೊಡುವ ಪ್ಯಾಡು ಅಂಟುವುದಿಲ್ಲವಲ್ಲ, ಹಾಗಾಗಿ ಸುತ್ತಲ ಯಾವ ಬೀದಿಯಲ್ಲಿ ಗಡಿಯಾರ ನಿಂತರೂ ಕತ್ತಿ ಹಿಡಿದು ಮೊದಲು ಓಡುವವರು ಇವರು. ನಾಲ್ಕು ಎಳೆತಕ್ಕೆ ಎದೆ ಬೋಳಿಸಿ, ಒರೆಸಿ, ಬದಿಗೆ ಸರಿದು ನಿಲ್ಲುತ್ತಿದ್ದರು. ಹಾಗೆ ಎಷ್ಟು ಜನರ ಎದೆಗೆ ಅವರ ಕತ್ತಿ ತಾಗಿದೆಯೋ! ಅವರ ಎದೆಯೊಂದೇ ಇನ್ನೂ ನಿಂತಿರಲಿಲ್ಲ. ಐವತ್ಮೂರು ತುಂಬಿತ್ತು. ನಮ್ಮ ಬೀದಿಯಲ್ಲಿ ದೊಡ್ಡವರ ಪೈಕಿ ಉಳಿದವರು ಅವರೊಬ್ಬರೇ. “ಮುದ್ದಣ್ಣ, ನಿನ್ನ ಪಾಳಿ ಯಾವಾಗಪ್ಪಾ? ಮುಂಚೆ ಹೇಳ್ಬುಡು, ನಾವು ಊಟ ಮಾಡ್ಕಂಡ್ ಬತ್ತೀವಿ,” ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಅವರೂ ನಕ್ಕು, “ನಿನ್ನ ಗಡ್ಡ ಮುಗಿಸ್ಬುಟ್ಟೇ ಬೀಳ್ತೀನಿ ಕಣೋ, ಅರ್ಧಕ್ಕೆ ಬುಡಲ್ಲ,” ಎನ್ನುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮಧ್ಯಾಹ್ನ ಅವರು ಊಟ ಮಾಡಿ ಚಾಪೆಯ ಮೇಲೆ ಉರುಳಿದರೆ ನಾನು ಗೋಡೆಗೊರಗಿ ಕೂತು ಗಡಿಯಾರ ಕೇಳುತ್ತಿದ್ದೆ. ಒಂದು ಟಿಕ್ಕಿಗೂ ಇನ್ನೊಂದು ಟಿಕ್ಕಿಗೂ ನಡುವೆ ಇರುವ ಆ ಸಣ್ಣ ಮೌನದಲ್ಲಿ ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

ಪ್ರತಿ ಬೀದಿಯ ತಲೆಯಲ್ಲೂ ಗೋಡೆಗೆ ಒಂದು ಶಾಕ್ ಪೆಟ್ಟಿಗೆ ಇರುತ್ತದೆ. ಗಾಜಿನ ಬಾಗಿಲು, ಒಳಗೆ ಮಾತಾಡುವ ಯಂತ್ರ, ಅದರ ಹಸಿರು ದೀಪ, ಪಕ್ಕದಲ್ಲಿ ಬೆಳ್ಳಿ ಬಣ್ಣದ ಲಕೋಟೆಯೊಳಗೆ ಎರಡು ಪ್ಯಾಡು. ಲಕೋಟೆಯ ಮೇಲೆ ಅವಧಿಯ ತಾರೀಖು ಅಚ್ಚಾಗಿರುತ್ತದೆ. ಪೆಟ್ಟಿಗೆ ನೋಡಿಕೊಳ್ಳುವುದು ಒಂದೊಂದು ಮನೆಗೆ ಒಂದೊಂದು ವಾರ: ಧೂಳು ಒರೆಸಬೇಕು, ದೀಪ ನೋಡಬೇಕು, ತಾರೀಖು ಓದಬೇಕು. ಎರಡು ವರ್ಷ ಯಾರೂ ಬೀಳದೆ ಪ್ಯಾಡಿನ ಅವಧಿ ಮುಗಿದುಹೋದರೆ ಆ ಬೀದಿಗೆ ಹಬ್ಬ. ಹೆಸರುಬೇಳೆ ಪಾಯಸ ಮಾಡಿ, ಲಕೋಟೆಗೆ ಅರಿಶಿನ ಕುಂಕುಮ ಇಟ್ಟು, ತಟ್ಟೆಯಲ್ಲಿ ಹೊತ್ತುಕೊಂಡು ಕಲಿಕೆ ಮನೆಗೆ ಕೊಟ್ಟು ಬರುತ್ತೇವೆ. ಯಾರ ಎದೆಗೂ ಬೇಡವಾದ ಪ್ಯಾಡು ಎಂದು ಅದಕ್ಕೆ ಕೈಮುಗಿಯುತ್ತೇವೆ.

ಕಲಿಕೆ ಮನೆ ಎಂದರೆ ಹಳೆಯ ಛತ್ರ. ಅಲ್ಲಿ ಗುರುವಾರ ಗುರುವಾರ ಚೆನ್ನಾಜಮ್ಮ ಹನ್ನೆರಡು ತುಂಬಿದವರನ್ನೆಲ್ಲ ಕೂರಿಸಿಕೊಂಡು ಬಿದ್ದವರನ್ನು ಎಬ್ಬಿಸುವುದು ಕಲಿಸುತ್ತಾರೆ. ಮೊದಲು ಸೂಲಗಿತ್ತಿಯಾಗಿದ್ದ ಗಟ್ಟಿ ಹೆಂಗಸು; ಅವರ ಎರಡು ಅಂಗೈ ಒಟ್ಟಿಗಿಟ್ಟರೆ ಮಣೆಯಷ್ಟು ಅಗಲ. ಗೋಣಿಚೀಲಕ್ಕೆ ಹೊಟ್ಟು ತುಂಬಿ, ಅಂಗಿ ತೊಡಿಸಿ ಮಾಡಿದ ಗೋಣಪ್ಪ ಎಂಬ ಬೊಂಬೆ ಅಲ್ಲಿ ನೆಲದ ಮೇಲೆ ಮಲಗಿರುತ್ತದೆ. “ಗೋಣಪ್ಪನಷ್ಟು ಸಲ ಸತ್ತೋನು ಈ ಭೂಮಿ ಮೇಲೆ ಯಾವನೂ ಇಲ್ಲ. ಬನ್ನಿ, ಇವತ್ತೂ ಒಂದು ಐವತ್ತು ಸಲ ಎಬ್ಬಿಸಿ,” ಎನ್ನುತ್ತಾರೆ. ಹೊಸ ಪ್ಯಾಡು ಅಭ್ಯಾಸಕ್ಕೆ ಹಾಳು ಮಾಡುವಂತಿಲ್ಲ. ಹಬ್ಬ ಮಾಡಿ ಕೊಟ್ಟ ಹಳೇ ಪ್ಯಾಡುಗಳನ್ನೇ ಗೋಣಪ್ಪನ ಎದೆಗೆ ಇಟ್ಟು, ಎಲ್ಲಿ ಒಂದು, ಎಲ್ಲಿ ಇನ್ನೊಂದು ಎಂದು ತೋರಿಸುವುದು. ತಾಳಕ್ಕೆ ಪದ್ಯ ಹೇಳುವವಳು ನಾನು. ಅಪ್ಪ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಎರಡೆರಡು ಮಾತ್ರೆಗೆ ಒಂದು ಒತ್ತು. ಪದ್ಯ ತಪ್ಪಿದರೆ ಕೈ ತಪ್ಪುತ್ತದೆ.

ಹಳೇ ಲಕೋಟೆ ಕೈಗೆ ಬಂದ ಕೂಡಲೇ ಚೆನ್ನಾಜಮ್ಮ ಅದರ ಮೂಲೆ ಕತ್ತರಿಸಿ, ಕಪ್ಪು ಬಣ್ಣದಲ್ಲಿ ‘ಕಲಿಕೆಗೆ’ ಎಂದು ಬರೆದೇ ಬುಟ್ಟಿಗೆ ಹಾಕುವುದು. ಪಾಯಸದ ಕೈ ತೊಳೆಯುವುದಕ್ಕೂ ಮೊದಲು ಅದು ಆಗಬೇಕು. “ನೋಡ್ರವ್ವಾ,” ಎಂದು ಪ್ರತಿ ಗುರುವಾರ ಪ್ಯಾಡನ್ನು ಬೆರಳಿಂದ ಮೀಟಿ ತೋರಿಸುತ್ತಿದ್ದರು, “ಒಳಗಿನ ಅಂಟು ಒಣಗಿ ಹಪ್ಪಳ ಆಗಿರ್ತದೆ. ಚರ್ಮ ಹಿಡಿಯಲ್ಲ, ಶಾಕು ಇಳಿಯಲ್ಲ. ಅವಧಿ ಮುಗಿದ ಪ್ಯಾಡು ಕಲಿಸೋಕೆ ಗುರು, ಬದುಕಿಸೋಕೆ ಶನಿ.” ಇದನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಕೇಳುವುದೇ ನನ್ನ ಕಸುಬಾಗಿದ್ದರೂ ಕೇಳಿದ್ದೆಲ್ಲ ಒಳಗೆ ಇಳಿದಿರುತ್ತದೆ ಎಂದು ಹೇಳಲಾಗದು.

ಆ ವರ್ಷ ನಮ್ಮ ಬೀದಿಯ ಪ್ಯಾಡಿನ ಅವಧಿ ಮುಗಿಯುವುದಕ್ಕೆ ಕೆಲವು ದಿನ ಮುಂಚೆ ಊರಲ್ಲಿ ಒಂದು ಮಾತು ಹುಟ್ಟಿತು. ಗಾಣಿಗರ ಬೀದಿಯವರು ಪಾಯಸ ಉಂಡು ಹೊಸ ಪ್ಯಾಡು ಇಟ್ಟ ಆರನೇ ದಿನ ಒಬ್ಬ ಬಿದ್ದ. ಬಾವಿ ಬೀದಿಯಲ್ಲಿ ಹೊಸದು ಇಟ್ಟ ನಾಲ್ಕನೇ ದಿನ ಒಬ್ಬಳು ಬಿದ್ದಳು, ಏಳಲಿಲ್ಲ. ಪಕ್ಕದ ಮನೆಯ ಬೋರಕ್ಕ ನಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಾ ಅದಕ್ಕೊಂದು ಹೆಸರು ಕೊಟ್ಟಳು. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಬಲು ಜೋರು. “ಹೊಸ ಪ್ಯಾಡು ಹಸ್ದಿರ್ತದೆ ಕಣೇ ತಾಯಿ. ಎದೆ ಸಿಕ್ಕೋಗಂಟ ಅದಕ್ಕೆ ಸಮಾಧಾನ ಇಲ್ಲ. ಹಳೇದು ಹಂಗಲ್ಲ, ಮುದಿ ಎತ್ತಿನಂಗೆ ಬಿದ್ಕಂಡಿರ್ತದೆ.” ಅಕ್ಕಿಯಿಂದ ಒಂದು ಕಲ್ಲು ತೆಗೆದು ಬೀದಿಗೆ ಎಸೆದು, ನನ್ನ ಮುಖ ನೋಡದೆ ಹೇಳಿದಳು, “ನಮ್ಮ ಬೀದೀಲಿ ಅದಕ್ಕೆ ಸಿಗಾದು ಇನ್ಯಾರು, ಹೇಳು.” ಅವಳು ಕೆಡುಕು ಬಯಸಿ ಹೇಳಿದವಳಲ್ಲ. ಆದರೆ ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ದೇವರ ಮುಂದೆ ಕೂತರೂ ಅದೇ. ದೀಪದ ಕುಡಿ ಅಲ್ಲಾಡಿದರೆ ಹಸಿದ ನಾಲಿಗೆಯ ಹಾಗೆ ಕಾಣುತ್ತಿತ್ತು.

ನಮ್ಮ ಬೀದಿಯ ಪಾಯಸವೂ ಆಯಿತು. ತಟ್ಟೆ ಹೊತ್ತುಕೊಂಡು ಹೋದವಳು ನಾನೇ. ಅಂದು ಕಲಿಕೆ ಮನೆಯಲ್ಲಿ ಬಾವಿ ಬೀದಿಯವರು ತುಂಬಿಹೋಗಿದ್ದರು. ಸಾವು ಕಂಡ ಮೇಲೆ ಜನಕ್ಕೆ ಕಲಿಯುವ ಆತುರ. ಚೆನ್ನಾಜಮ್ಮ ಗೋಣಪ್ಪನ ಮೇಲೆ ಬಾಗಿದ್ದವರು ತಲೆ ಎತ್ತದೆ, “ತಾಯೀ, ಆ ಲಕೋಟೆ ಮೂಲೆ ಕತ್ತರ್ಸಿ ಬುಟ್ಟೀಗ್ ಹಾಕ್ಬುಡವ್ವ,” ಎಂದರು. ಇಪ್ಪತ್ತು ವರ್ಷದಲ್ಲಿ ಅವರು ಆ ಕೆಲಸವನ್ನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ನಾನು ಕತ್ತರಿ ಹಿಡಿದು ಮೂಲೆಗೆ ಹೋದೆ. ಅರಿಶಿನ ಮೆತ್ತಿದ ಆ ಲಕೋಟೆ ಎರಡು ವರ್ಷ ನಮ್ಮವರನ್ನು ಕಾಯ್ದಿತ್ತು. ಕತ್ತರಿಯ ಬಾಯಿ ತೆರೆದೆ, ಮುಚ್ಚಿದೆ, ಗಾಳಿಯನ್ನಷ್ಟೇ ಕತ್ತರಿಸಿದೆ. ಸದ್ದು ಕೇಳಿ ಚೆನ್ನಾಜಮ್ಮ ‘ಹೂಂ’ ಎಂದರು. ಲಕೋಟೆಯನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು ಬಂದು ಪದ್ಯಕ್ಕೆ ಕೂತೆ. ಅಂದು ಹೇಳಿದ ಒಂದೊಂದು ಸಾಲಿಗೂ ಅದು ಪಕ್ಕೆಗೆ ಚುಚ್ಚುತ್ತಿತ್ತು.

ಹೊಸ ಪ್ಯಾಡು ಪೆಟ್ಟಿಗೆಗೆ ಬಂದ ವಾರವೇ ಪೆಟ್ಟಿಗೆಯ ಪಾಳಿ ನಮ್ಮ ಮನೆಯದು. ಸೋಮವಾರ ಬೆಳಿಗ್ಗೆ ನೀರು ಬಟ್ಟೆ ಹಿಡಿದು ಹೋದೆ. ಗಾಜು ಒರೆಸಿದೆ, ಬಾಗಿಲು ತೆಗೆದೆ, ಹೊಸದನ್ನು ತೆಗೆದು ಹಳೆಯದನ್ನು ತಾರೀಖೂ ಅರಿಶಿನವೂ ಗೋಡೆಯ ಕಡೆ ಬರುವಂತೆ ತಿರುಗಿಸಿ ಇಟ್ಟೆ. ದೀಪ ಹಸಿರಾಗಿಯೇ ಇತ್ತು. ಅದು ಯಂತ್ರದ ಆರೋಗ್ಯವನ್ನಷ್ಟೇ ಹೇಳುತ್ತದೆ, ಲಕೋಟೆಯದನ್ನಲ್ಲ. ಬೀದಿಯಲ್ಲಿ ಹೂವಿನವಳು ಹೋಗುತ್ತಿದ್ದಳು, “ಏನಕ್ಕಾ, ಚೆನ್ನಾಗೈತಾ ಪೆಟ್ಟಿಗೆ?” ಎಂದಳು. “ಚೆನ್ನಾಗೈತೆ,” ಎಂದೆ. ಮನೆಗೆ ಬಂದು ಹೊಸ ಲಕೋಟೆಯನ್ನು ದೇವರ ಗೂಡಿನಲ್ಲಿ ಪಟದ ಹಿಂದೆ ಇಟ್ಟು ಕೈಮುಗಿದೆ. “ಇದರ ಹಸಿವು ನಿನ್ನ ಬೆನ್ನ ಹಿಂದೆ ಇರಲಿ ತಂದೆ,” ಎಂದೆ. ಅಂದು ಮಧ್ಯಾಹ್ನ ಎಷ್ಟೋ ದಿನದ ಮೇಲೆ ಇವರ ಪಕ್ಕದಲ್ಲೇ ನನಗೂ ನಿದ್ದೆ ಹತ್ತಿತು.

ಆ ನೆಮ್ಮದಿ ಉಳಿದದ್ದು ಗುರುವಾರದವರೆಗೆ. ಕಲಿಕೆ ಮನೆಯಲ್ಲಿ ಚೆನ್ನಾಜಮ್ಮ ಎಂದಿನಂತೆ ಹಳೇ ಪ್ಯಾಡು ಎತ್ತಿ ತೋರಿಸಿದರು. ಗೋಣಪ್ಪನ ಎದೆಯ ಮೇಲೆ ಇಟ್ಟದ್ದು ಎಲೆಯ ಹಾಗೆ ಜಾರಿ ನೆಲಕ್ಕೆ ಬಿತ್ತು. ಮಕ್ಕಳು ನಕ್ಕರು. ಇದುವರೆಗೆ ಗಡಿಯಾರವೊಂದಕ್ಕೇ ಹೆದರುತ್ತಿದ್ದವಳು ಈಗ ಬೀದಿಯ ತಲೆಯ ಪೆಟ್ಟಿಗೆಗೂ ಹೆದರಿದೆ. ವಾಪಸು ಇಟ್ಟುಬಿಡೋಣ ಎಂದರೆ ಪಾಳಿ ಬದಲಾಗುವುದೂ ಗುರುವಾರವೇ, ಪೆಟ್ಟಿಗೆ ಆಗಲೇ ಬೋರಕ್ಕನ ಮನೆಯ ಪಾಲಿಗೆ ಹೋಗಿತ್ತು. ಯಾರಾದರೂ ಬಿದ್ದ ಹೊತ್ತು ಬಿಟ್ಟರೆ ಪಾಳಿಯವರಲ್ಲದೆ ಬೇರೆಯವರು ಆ ಬಾಗಿಲು ಮುಟ್ಟುವಂತಿಲ್ಲ. “ಬೋರಕ್ಕಾ, ತಾರೀಖು ನೋಡ್ದ್ಯಾ?” ಎಂದು ಕೇಳಿದೆ, ಅವಳ ಕಣ್ಣಿಗಾದರೂ ಬೀಳಲಿ ಎಂದು. “ಆ ಇರುವೆ ಅಕ್ಷರ ಯಾವಳಿಗೆ ಕಾಣ್ತದೆ! ದೀಪ ಹಸಿರಾಗದೆ, ಸಾಕು ಬುಡು,” ಎಂದಳು. ಹೇಳಿಬಿಡಲೇ ಎಂದು ಬಾಯಿ ತೆರೆದೆ. ಹೇಳಿದರೆ ಹೊಸದು ಮತ್ತೆ ಪೆಟ್ಟಿಗೆಗೆ ಹೋಗುತ್ತದೆ, ಹೋದರೆ ಇವರನ್ನು ಕರೆಯುತ್ತದೆ ಎಂದುಕೊಂಡು ಬಾಯಿ ಮುಚ್ಚಿದೆ. ಹೀಗೆ ಎರಡು ಭಯಗಳ ನಡುವೆ ಮೂರು ವಾರ ಹೋಯಿತು. ಮೂರನೇ ವಾರದ ಸೋಮವಾರ ಪಕ್ಕದ ಕೆಳಗಿನ ಬೀದಿಯಲ್ಲೂ ಒಬ್ಬ ಬಿದ್ದ. ಅಲ್ಲಿಯೂ ಹೊಸ ಪ್ಯಾಡು ಇಟ್ಟು ಮೂರೇ ದಿನವಾಗಿತ್ತು. “ನೋಡ್ದ್ಯಾ ಹಸಿವು?” ಎಂದಳು ಬೋರಕ್ಕ. ನಾನು ಮಾಡಿದ್ದೇ ಸರಿ ಎಂದು ಪಟದ ಮುಂದೆ ಎರಡು ಬತ್ತಿ ಹೆಚ್ಚಾಗಿ ಹಚ್ಚಿದೆ.

ಅದಾದ ಬುಧವಾರ, ಹತ್ತು ಗಂಟೆಯ ಹೊತ್ತು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಗೋಡೆಯ ಗಡಿಯಾರ ನಿಂತಿತು. ಸದ್ದು ನಿಲ್ಲುವುದೂ ಒಂದು ಸದ್ದೇ. ಕೇಳುತ್ತಾ ಬೆಳೆದವರಿಗೆ ಅದು ಬಂದೂಕಿನಷ್ಟು ಜೋರು. ನಾನು ಬೀದಿಗೆ ಬಂದು ಹೆಸರು ಕೂಗಲಿಲ್ಲ. ನೆಟ್ಟಗೆ ಅಂಗಡಿಗೆ ಓಡಿದೆ.

ಲೋಕಪ್ಪ ಕುರ್ಚಿಯ ಪಕ್ಕ ನಿಂತಿದ್ದ, ಕುತ್ತಿಗೆಗೆ ಟವಲು, ಒಂದು ಕೆನ್ನೆಗೆ ನೊರೆ, ಇನ್ನೊಂದು ಕೆನ್ನೆ ಬೋಳು. “ಅಕ್ಕಾ, ಮಾತಾಡ್ತಾ ಮಾತಾಡ್ತಾ... ನಾನೇನೂ ಮಾಡ್ಲಿಲ್ಲ ಕಣಕ್ಕಾ,” ಎಂದು ತೊದಲಿದ. ಇವರು ಕನ್ನಡಿಯ ಕೆಳಗೆ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಅರ್ಧಕ್ಕೆ ಬಿಡುವುದಿಲ್ಲ ಎಂದವರು ಅರ್ಧಕ್ಕೇ ಬಿಟ್ಟಿದ್ದರು. ನನ್ನ ಹಿಂದೆಯೇ ಬೀದಿ ಓಡಿಬಂತು. ದೇವರ ದಯೆಯೋ, ನನ್ನ ಪಾಪವನ್ನು ಸಾಕ್ಷಿಯ ಮುಂದೆಯೇ ಬಿಚ್ಚಬೇಕೆಂದಿತ್ತೋ, ಚೆನ್ನಾಜಮ್ಮ ಆ ಹೊತ್ತಿಗೆ ನಮ್ಮ ಬೀದಿಯಲ್ಲೇ ಸೊಪ್ಪು ಕೊಳ್ಳುತ್ತಿದ್ದರು. ಬಂದವರೇ ಮಂಡಿಯೂರಿ ಅಂಗಿ ಹರಿದು ಆ ಅಗಲವಾದ ಕೈಗಳನ್ನು ಎದೆಯ ನಡುವೆ ಇಟ್ಟರು. “ಪದ್ಯ!” ಎಂದರು. “ತಾಯೀ, ಪದ್ಯ!” ಎಂದು ಗದರಿದರು. ‘ನಡೆಯೆಲೆ ಎದೆಯೇ ನಡೆಯೆಲೆ ಎದೆಯೇ’ ಎಂದು ಹಿಡಿದೆ. ಅವರ ಕೈ ತಾಳಕ್ಕೆ ಬಿತ್ತು.

ಬೋರಕ್ಕ ಪೆಟ್ಟಿಗೆಯ ಯಂತ್ರ ಎತ್ತಿಕೊಂಡು ಬಂದು, ಹಲ್ಲಿನಲ್ಲಿ ಲಕೋಟೆ ಹರಿದು, ಪ್ಯಾಡುಗಳನ್ನು ಇವರ ಎದೆಗೆ ಒತ್ತಿದಳು. ಕೈ ತೆಗೆದ ಕೂಡಲೇ ಅವು ಜಾರಿದವು. ‘ಪ್ಯಾಡುಗಳನ್ನು ಎದೆಗೆ ಅಂಟಿಸಿ,’ ಎಂದಿತು ಯಂತ್ರ, ಯಾವ ಆತುರವೂ ಇಲ್ಲದ ಹೆಣ್ಣು ದನಿಯಲ್ಲಿ. “ಕೂದ್ಲು! ಕೂದ್ಲು ಬೋಳಿಸ್ಬೇಕು! ಮುದ್ದಣ್ಣನ್ನ ಕರೀರೋ!” ಎಂದು ಯಾರೋ ಕೂಗಿ, ಕೂಗಿದ್ದು ಏನೆಂದು ಹೊಳೆದು ಬಾಯಿ ಮುಚ್ಚಿಕೊಂಡರು. ಊರಿನ ಎದೆಯನ್ನೆಲ್ಲ ಬೋಳಿಸಿದವರ ಎದೆ ಬೋಳಿಸಲು ಒಂದು ಕೈ ಇರಲಿಲ್ಲ. ಕೊನೆಗೆ ಲೋಕಪ್ಪನೇ ನೆಲಕ್ಕೆ ಬಿದ್ದಿದ್ದ ಕತ್ತಿ ಎತ್ತಿಕೊಂಡ. ತನ್ನ ಕೆನ್ನೆಯ ನೊರೆಯನ್ನೇ ಬಳಿದು, ಚೆನ್ನಾಜಮ್ಮನ ಎರಡು ಒತ್ತುಗಳ ನಡುವೆ ಎಳೆದ. ಎರಡು ಕಡೆ ರಕ್ತ ಬಂತು. ಒರೆಸಿ ಮತ್ತೆ ಪ್ಯಾಡು ಒತ್ತಿದರು. ಮತ್ತೆ ಜಾರಿದವು. ‘ಪ್ಯಾಡುಗಳನ್ನು ಎದೆಗೆ ಅಂಟಿಸಿ.’

“ಕೆಳಗಿನ ಬೀದಿ ಪೆಟ್ಟಿಗೆ ತರ್ರೋ,” ಎಂದರು ಚೆನ್ನಾಜಮ್ಮ, ಒತ್ತುವುದನ್ನು ನಿಲ್ಲಿಸದೆ. “ಅದ್ರದ್ದು ಮೊನ್ನೆ ಖರ್ಚಾಯ್ತಲ್ಲಮ್ಮ, ಇನ್ನೂ ಬಂದಿಲ್ಲ,” ಎಂದರು ಹಿಂದಿನಿಂದ. ಮೇಲಿನ ಬೀದಿಗೆ ಹೋಗಿ ಬರಲು ಕಾಲುಗಂಟೆ ಬೇಕು. ಅಷ್ಟು ಹೊತ್ತು ಒಬ್ಬರ ಕೈಯಲ್ಲಿ ಜೀವ ನಿಲ್ಲುವುದಿಲ್ಲ. ಚೆನ್ನಾಜಮ್ಮನ ಕಣ್ಣು ನೆಲಕ್ಕೆ ಬಿದ್ದಿದ್ದ ಲಕೋಟೆಯ ಮೇಲೆ ಹೋಯಿತು. ಅರಿಶಿನದ ಕಲೆ ಕಂಡಿತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು. ಆದರೆ ಹೊಸದು ಎಲ್ಲಿದೆ ಎನ್ನುವುದು ಗೊತ್ತಾಗುವಂತಿರಲಿಲ್ಲ. ಅದು ಗೊತ್ತಿದ್ದದ್ದು ದೇವರಿಗೆ ಮತ್ತು ನನಗೆ. ದೇವರು ಬಾಯಿ ಬಿಡುವ ಹಾಗಿರಲಿಲ್ಲ.

ನಾನು ಎಷ್ಟು ಹೊತ್ತು ಸುಮ್ಮನಿದ್ದೆ? ಪದ್ಯ ಎರಡು ಸಲ ಮುಗಿದು ಮೂರನೇ ಸಲ ಸುತ್ತುತ್ತಿತ್ತು. ಅಷ್ಟು ಹೊತ್ತು. ಬೀದಿಯ ಮುಂದೆ ಕಳ್ಳಿಯಾಗುವ ನಾಚಿಕೆ ನನ್ನ ಗಂಡನ ಜೀವಕ್ಕಿಂತ ದೊಡ್ಡದಾಗಿ ಅಷ್ಟು ಹೊತ್ತು ನನ್ನ ಗಂಟಲಲ್ಲಿ ಕೂತಿತ್ತು. ಇದನ್ನು ಬರೆಯಲು ಇಂದಿಗೂ ಕೈ ಬರುವುದಿಲ್ಲ. ಇವರ ತುಟಿಯ ಬಣ್ಣ ಹೋಗಿ ನೇರಳೆಯಾಗುತ್ತಿತ್ತು. ಹೇಳಬೇಕೆಂದರೆ ಪದ್ಯ ನಿಲ್ಲಿಸಬೇಕು. ಪದ್ಯ ನಿಂತರೆ ಚೆನ್ನಾಜಮ್ಮನ ಕೈ ತಪ್ಪುತ್ತದೆ, ಅವರ ತೋಳು ಆಗಲೇ ನಡುಗುತ್ತಿತ್ತು. ಆಗ ನನ್ನ ಬಾಯಿಂದ ಅದೇ ತಾಳದಲ್ಲಿ, ಅದೇ ದಾಟಿಯಲ್ಲಿ ಬೇರೆ ಮಾತು ಬಂತು. ನಾನು ಕಟ್ಟಿದ್ದಲ್ಲ ಅದು. ‘ನಡೆಯೆಲೆ ಬೋರೀ ನಮ್ಮನೆಯೊಳಗಡೆ, ದೇವರ ಪಟದಾ ಹಿಂಬದಿಗೆ, ಇಟ್ಟಿಹೆ ಹೊಸದನು ಕದ್ದವಳಾನೇ, ಓಡೆಲೆ ತಾರೇ ಈ ಕಡೆಗೆ.’ ಪ್ರಾಸ ಕೆಟ್ಟಿತ್ತು. ಅಪ್ಪ ಇದ್ದಿದ್ದರೆ ತೊಡೆಗೆ ಹೊಡೆದು ನಿಲ್ಲಿಸುತ್ತಿದ್ದರು. ತಾಳ ಮಾತ್ರ ಕೆಡಲಿಲ್ಲ. ಬೋರಕ್ಕ ಬಾಯಿ ತೆರೆದು ನನ್ನನ್ನು ನೋಡುತ್ತಾ ನಿಂತಳು. ಎರಡನೇ ಸಲ ಹೇಳಿದೆ. ಆಗ ಸೀರೆ ಎತ್ತಿಕಟ್ಟಿ ಓಡಿದಳು, ಅರವತ್ತರ ಹತ್ತಿರದ ಹೆಂಗಸು ಹದಿನಾರರವಳ ಹಾಗೆ.

ಅವಳು ಬರುವವರೆಗೆ ಅದನ್ನೇ ಹೇಳುತ್ತಿದ್ದೆ. ಮೊದಲಿನ ಪದ್ಯಕ್ಕೆ ಹಿಂದಿರುಗಲು ಧೈರ್ಯವಾಗಲಿಲ್ಲ. ಹಿಂದಿರುಗಿದರೆ ಹೇಳಿದ್ದು ಸುಳ್ಳಾಗಿಬಿಡುತ್ತದೇನೋ ಎಂದು ಭಯ. ಸುತ್ತಲಿದ್ದ ಅಷ್ಟೂ ಜನ ಉಸಿರು ಹಿಡಿದು ನನ್ನ ಕಳ್ಳತನವನ್ನು ಕೇಳುತ್ತಿದ್ದರು. ಹೊಸ ಪ್ಯಾಡು ಕುಂಕುಮದ ಘಮದೊಂದಿಗೆ ಬಂತು. ಎದೆಗೆ ಇಟ್ಟ ಕೂಡಲೇ ಹಾಲು ಕುಡಿಯುವ ಮಗುವಿನ ಬಾಯಿಯ ಹಾಗೆ ಕಚ್ಚಿಕೊಂಡಿತು. ‘ಯಾರೂ ಮುಟ್ಟಬೇಡಿ,’ ಎಂದಿತು ಯಂತ್ರ. ಇವರ ಮೈ ಒಮ್ಮೆ ನೆಗೆದು ಬಿತ್ತು. ಏನೂ ಆಗಲಿಲ್ಲ. ಮತ್ತೆ ಒತ್ತು, ಮತ್ತೆ ಪದ್ಯ, ಮತ್ತೆ ಶಾಕು. ಆಮೇಲೆ ಒಂದು ಮೌನ. ಆ ಮೌನದೊಳಗೆ ಅಂಗಡಿಯ ಕನ್ನಡಿಯ ಮೇಲಿನ ಹಳೇ ಗಡಿಯಾರ ಒಮ್ಮೆ ಕೆಮ್ಮಿದ ಹಾಗೆ ಸದ್ದು ಮಾಡಿ, ಟಿಕ್ ಎಂದಿತು.

ಮಾರನೇ ದಿನ ಲೋಕಪ್ಪ ಇನ್ನೂ ಅರ್ಧ ಗಡ್ಡದಲ್ಲೇ ಬಂದಿದ್ದ. ನಗಲಿಲ್ಲ. “ಅಕ್ಕಾ, ಆಚೆ ಊರಿನ ಗಡಿಯಾರದ ಜೊತೆ ನೋಡ್ದೆ. ನನ್ನ ವಾಚು ಒಂಬತ್ತು ನಿಮಿಷ ಹಿಂದದೆ,” ಎಂದ. ನಮ್ಮಲ್ಲಿ ಬದುಕಿದವರಲ್ಲಿ ಐದು ನಿಮಿಷ ದಾಟಿದವರು ಯಾರೂ ಇರಲಿಲ್ಲ. ಇವರು ಎದ್ದರು, ಉಂಡರು, ನಡೆದರು. ಬಲಗೈ ಮಾತ್ರ ಹಿಂದಿನಂತಾಗಲಿಲ್ಲ. ಕತ್ತಿ ಹಿಡಿದರೆ ಅದು ಗಾಳಿಗೆ ಸಿಕ್ಕ ಎಲೆಯ ಹಾಗೆ ಆಡುತ್ತದೆ. ಆ ಒಂಬತ್ತರಲ್ಲಿ ನನ್ನ ಪಾಲು ಎಷ್ಟು ಎಂದು ಅವರ ಕೈ ನೋಡಿದಾಗಲೆಲ್ಲ ಕೇಳಿಕೊಳ್ಳುತ್ತೇನೆ. ಈಗ ಗಡಿಯಾರ ನಿಂತರೆ ಕತ್ತಿ ಹಿಡಿದು ಓಡುವವಳು ನಾನು.

ಮೂರನೇ ದಿನ ಚೆನ್ನಾಜಮ್ಮ ಮನೆಗೆ ಬಂದರು. ಬೈಯಲಿಲ್ಲ. ಅರಿಶಿನ ಮೆತ್ತಿದ ಆ ಹಳೇ ಲಕೋಟೆಯನ್ನೂ ಕತ್ತರಿಯನ್ನೂ ನನ್ನ ಮುಂದಿಟ್ಟು, “ಕತ್ತರ್ಸು,” ಎಂದರು. ಕತ್ತರಿಸಿದೆ. ಬಣ್ಣ ಕೊಟ್ಟು, “ಬರಿ,” ಎಂದರು. ಬರೆದೆ. “ನನ್ನ ತಪ್ಪೂ ಅದೆ. ನಾನು ತಿರುಗಿ ನೋಡ್ಬೇಕಾಗಿತ್ತು,” ಎಂದು ಎದ್ದರು. ಬಾಗಿಲಲ್ಲಿ ನಿಂತು, “ಗುರುವಾರ ಬಾ. ಇನ್ಮೇಲೆ ಹಳೇ ಪದ್ಯ ಬೇಡ. ಅವತ್ತು ಹೇಳ್ದಲ್ಲ, ಅದನ್ನೇ ಹೇಳು,” ಎಂದರು. ನಾನು ಅವರ ಕಾಲು ಹಿಡಿದೆ. “ಅಮ್ಮಾ, ಬೇರೆ ಏನಾದ್ರೂ ಹೇಳಿ,” ಎಂದೆ. “ಒಣಗಿದ ಪ್ಯಾಡು ಎದೆಗೆ ಅಂಟಲ್ಲ ಅಂತ ಇಪ್ಪತ್ತು ವರ್ಷ ಹೇಳ್ದೆ. ಪಕ್ಕದಲ್ಲಿ ಕೂತೋಳ ಕಿವಿಗೇ ಅಂಟ್ಲಿಲ್ಲ. ನಿನ್ನ ಪದ್ಯ ಅಂಟ್ತದೆ,” ಎಂದು ಹೋದರು.

ಅಂಟಿತು. ಮಕ್ಕಳು ಗೋಣಪ್ಪನ ಎದೆಯ ಮೇಲೆ ಕೈಯಿಟ್ಟು ‘ನಡೆಯೆಲೆ ಬೋರೀ’ ಎಂದು ಒತ್ತುತ್ತಾರೆ. ಬೇರೆ ಬೀದಿಗಳಲ್ಲೂ ಈಗ ಅದೇ. ನೀರು ಸೇದುವಾಗ, ರಾಗಿ ಬೀಸುವಾಗಲೂ ಅದೇ ಕೇಳುತ್ತದೆ. ಬೋರಕ್ಕ, “ಅಷ್ಟು ಜನದ ಮುಂದೆ ಬೋರಿ ಅಂದ್ಯಲ್ಲೇ ನನ್ನ, ಅಕ್ಕ ಅನ್ನೋಕೆ ಬಾಯಿಗೇನ್ ಬಂದಿತ್ತೇ?” ಎಂದು ಮುನಿಸಿಕೊಂಡಳು. ಆಮೇಲೆ ಊರೆಲ್ಲ ತನ್ನ ಹೆಸರು ಹೇಳಿ ಜೀವ ಉಳಿಸುವುದು ಕಂಡು ಬೀಗುತ್ತಾ ಓಡಾಡಿದಳು. ಹಸಿವಿನ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಗುರುವಾರ ಗುರುವಾರ ಹೇಳುತ್ತೇನೆ. ಮೊದಲ ಸಾಲು, ಎರಡನೇ ಸಾಲು ಸರಾಗ. ಮೂರನೆಯದು ಬರುವಾಗ ದನಿ ತಾನಾಗಿಯೇ ಇಳಿಯುತ್ತದೆ. ಆ ಸಾಲಿನಲ್ಲಿ ಮಕ್ಕಳ ಕೈ ಒಮ್ಮೊಮ್ಮೆ ತಡವರಿಸುವುದನ್ನು ನಾನು ನೋಡಿದ್ದೇನೆ, ನೋಡದವಳಂತೆ ಮುಂದಕ್ಕೆ ಹೋಗಿದ್ದೇನೆ.

ಇವರಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಇಡೀ ಬೀದಿ ಒಟ್ಟಾಗಿ ಅವರೊಬ್ಬರಿಂದ ಅದನ್ನು ಮುಚ್ಚಿಟ್ಟಿತ್ತು. ಕರುಣೆಯೋ, ಹೇಳುವ ಕೆಲಸ ನನ್ನದೇ ಎಂದು ಬಿಟ್ಟದ್ದೋ ತಿಳಿಯದು. ಕತ್ತಿ ಹಿಡಿಯಲಾಗದ ಮೇಲೆ ಅವರೂ ಗುರುವಾರ ಕಲಿಕೆ ಮನೆಯ ಹಿಂದಿನ ಕಂಬಕ್ಕೊರಗಿ ಕೂರುತ್ತಿದ್ದರು, ಹಿಂದೆ ನಾನು ಅಪ್ಪನನ್ನು ಕೇಳುತ್ತಾ ಕೂರುತ್ತಿದ್ದ ಹಾಗೆ. ಅವರು ಆ ಪದ್ಯ ಕೇಳುವಾಗ ನಾನು ಅವರ ಕಡೆ ನೋಡುತ್ತಿರಲಿಲ್ಲ. ಗಡಿಯಾರದ ಭಯ ಹೋಗಿತ್ತು. ಅದರ ಜಾಗಕ್ಕೆ ಬಂದು ಕೂತ ಭಯಕ್ಕೆ ಮುಳ್ಳೂ ಇರಲಿಲ್ಲ, ಸದ್ದೂ ಇರಲಿಲ್ಲ.

ಮೊನ್ನೆ ಬುಧವಾರ ಮಧ್ಯಾಹ್ನ ಜಗಲಿಯ ಮೇಲೆ ಕೂರಿಸಿ ಅವರ ಗಡ್ಡ ಮಾಡುತ್ತಿದ್ದೆ. ಗಂಟಲ ಬಳಿ ಕತ್ತಿ ಇತ್ತು. ಕಣ್ಣು ಮುಚ್ಚಿಕೊಂಡೇ, “ಆ ಪದ್ಯದಲ್ಲಿ ಕದ್ದೋಳು ಯಾರು?” ಎಂದರು. ನನ್ನ ಕೈ ನಿಂತಿತು. ಒಳಗಿನ ಗಡಿಯಾರ ಕೇಳುತ್ತಿತ್ತು. ಎಷ್ಟು ಟಿಕ್ಕು ಹೋದವು ಎಂದು ನಾನು ಎಣಿಸಲಿಲ್ಲ. ಒಮ್ಮೆ ಸುಮ್ಮನಿದ್ದು ಅವರ ಬಲಗೈ ಕಳೆದಿದ್ದೆ. “ನಾನು,” ಎಂದೆ. “ನಿಮ್ಮನ್ನ ಉಳಿಸ್ಕೊಳಾಕೆ ಅಂತ ನಾನೇ ಮಾಡ್ದೆ.” ಅವರು ಕಣ್ಣು ತೆರೆಯಲಿಲ್ಲ. “ಗೊತ್ತು. ಎದೆ ನಿಂತಿದ್ದಾಗ ನಂಗೆ ಕೇಳ್ಸಿದ್ದೇ ಆ ಪದ್ಯ ಒಂದು,” ಎಂದರು. ನಾನು ಆ ಕೆನ್ನೆ ಮುಗಿಸಿದೆ, ಈ ಕೆನ್ನೆಗೆ ನೊರೆ ಹಚ್ಚಿದೆ. ಆಗ ಹೇಳಿದರು, “ನಾಳೆ ಗುರುವಾರ. ಮೂರನೇ ಸಾಲು ಒಸಿ ಗಟ್ಟಿಯಾಗಿ ಹೇಳು. ಹಿಂದೆ ಕೂತೋರಿಗೆ ಕೇಳ್ಸಲ್ಲ.”